ಬೂದ್ಯಾನ ಹಲ್ಲು

ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯರು ಈಗಲೂ ಆಗಾಗ ಬಳ್ಳಾರಿಯ ನಮ್ಮ ಮನೆಗೆ ಬರುತ್ತಾರೆ. ಯಾವ ತಾಲ್ಲೂಕು ಒಳ್ಳೆಯದು, ಯಾವ ಸಾಹೇಬರ ಕೈಕೆಳಗೆ ಕಿರಿಕಿರಿ ಹೆಚ್ಚು, ಪಟ್ಟಣಕ್ಕೆ ವರ್ಗ ಮಾಡಿಸಿಕೊಳ್ಳುವುದು ಹೇಗೆ ಎಂದೆಲ್ಲ ಕೇಳುತ್ತಾರೆ. ನನಗೆ ಅದೊಂದೂ ತಿಳಿಯದು. ಕಳಿಸಿದ ಕಡೆ ಹೋದೆ, ಎಬ್ಬಿಸಿದಾಗ ಎದ್ದು ಬಂದೆ. ಕುರುಗೋಡು, ಬಳ್ಳಾರಿ, ಕೊನೆಗೆ ಸಿರುಗುಪ್ಪ, ಇಷ್ಟರಲ್ಲೇ ನನ್ನ ನೌಕರಿ ಮುಗಿಯಿತು. ನನ್ನ ಹತ್ತಿರ ಇರುವುದು ಪ್ರಾಣಿಗಳ ಕಥೆ, ಅದಕ್ಕಿಂತ ಹೆಚ್ಚಾಗಿ ಅವುಗಳನ್ನು ಹಿಡಿದುಕೊಂಡು ಬಂದ ಮನುಷ್ಯರ ಕಥೆ. ಅವುಗಳಲ್ಲಿ ದೇಶನೂರಿನ ನಾಯಿಯೊಂದರ ಕಥೆಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬಾಯಲ್ಲಿ ಹೇಳಲು ಹೋದರೆ ಉದ್ದವಾಗುತ್ತದೆ, ಕೇಳುವವರು ಅತ್ತಿತ್ತ ನೋಡಲು ಶುರು ಮಾಡುತ್ತಾರೆ. ಬರೆಯುವುದೇ ವಾಸಿ.

ಆದರೆ ಅಲ್ಲಿಗೆ ಹೋಗುವ ಮೊದಲು ಕುರುಗೋಡಿನ ಎಮ್ಮೆಯೊಂದರ ವಿಷಯ ಹೇಳಬೇಕು. ಅದು ನನ್ನ ಮೊದಲ ಊರು. ಕಾಲೇಜಿನಿಂದ ಬಂದ ಹೊಸ ಬಿಸಿ. ಒಬ್ಬ ರೈತ ಓಡಿಬಂದು ಎಮ್ಮೆ ಮಲಗಿಬಿಟ್ಟಿದೆ, ಏಳುತ್ತಿಲ್ಲ ಎಂದ. ಏನು ತಿನ್ನಿಸಿದ್ದೆ ಎಂದು ಕೇಳಿದೆ. ದಿನಾ ಹಾಕುವ ಮೇವೇ, ಬೇರೆ ಏನೂ ಇಲ್ಲ ಎಂದ. ಕರು ಹಾಕಿದ ಎಮ್ಮೆ, ಸುಣ್ಣದ ಅಂಶ ಕಡಿಮೆಯಾಗಿದೆ ಎಂದು ತೀರ್ಮಾನಿಸಿ ಬಾಟಲಿ ಏರಿಸಲು ಸಿದ್ಧನಾದೆ. ಅಷ್ಟರಲ್ಲಿ ಬಳ್ಳಾರಿಯಿಂದ ತಪಾಸಣೆಗೆ ಬಂದಿದ್ದ ನಮ್ಮ ದೊಡ್ಡ ಡಾಕ್ಟರು ಹಿಂದಿನಿಂದಲೇ ಬಂದರು. ಇಡೀ ಜಿಲ್ಲೆಯಲ್ಲಿ ಅವರನ್ನು ನಾವೆಲ್ಲ ಕರೆಯುತ್ತಿದ್ದುದು ಹಾಗೆಯೇ. ಅವರು ಎಮ್ಮೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೇರ ಹಿತ್ತಲಿಗೆ ಹೋದರು. ಅಲ್ಲಿ ಹಿಂದಿನ ದಿನದ ಮದುವೆ ಊಟದ ದೊಡ್ಡ ದೊಡ್ಡ ಪಾತ್ರೆಗಳಿದ್ದವು. ಉಳಿದ ಅನ್ನ, ಪಾಯಸ ಎಲ್ಲವನ್ನೂ ಎಮ್ಮೆ ಖಾಲಿ ಮಾಡಿತ್ತು. ಹೊಟ್ಟೆಯೊಳಗೆ ಅದೆಲ್ಲ ಹುಳಿಯಾಗಿ ಎಮ್ಮೆ ಬಿದ್ದಿತ್ತು. ರೈತ ಸುಳ್ಳು ಹೇಳಿರಲಿಲ್ಲ. ಅವನು ತಿನ್ನಿಸಿರಲಿಲ್ಲ, ಅದು ತಿಂದಿತ್ತು.

ಎಮ್ಮೆ ಬದುಕಿತು. ದೊಡ್ಡ ಡಾಕ್ಟರು ಜೀಪು ಹತ್ತುವಾಗ, ಇನ್ನು ಮುಂದೆ ಮಾಲೀಕನನ್ನು ಕೇಳುವುದಕ್ಕಿಂತ ಮೊದಲು ಪ್ರಾಣಿ ತಿನ್ನುವ ಜಾಗ ನೋಡು, ಆಮೇಲೆ ಪ್ರಾಣಿಯನ್ನು ನೋಡು, ಪುರಸೊತ್ತಾದರೆ ಪುಸ್ತಕ ನೋಡು ಎಂದು ಎಲ್ಲರೆದುರು ಉಗಿದರು. ಆ ಮಾತನ್ನು ನಾನು ನನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ನನ್ನದೇ ಮಾತೆಂಬಂತೆ ಹೇಳುತ್ತ ಬಂದೆ. ಹೇಳುತ್ತ ಬಂದವನೇ ಅದನ್ನು ಮರೆತ ಕಥೆ ಇದು.

ನಾನು ಸೇರಿದಾಗ ನಾಯಿಯ ಹಲ್ಲು ಕೀಳುವುದೆಂದರೆ ಕುಸ್ತಿ. ಬಾಯಿಗೆ ಹಗ್ಗ, ಕಾಲಿಗೆ ಹಗ್ಗ, ಮೇಲೆ ಇಬ್ಬರು ಆಳು. ನಾಯಿಯ ಹಲ್ಲಿಗಾಗಿ ಆಸ್ಪತ್ರೆಗೆ ಬರುವವರೇ ಕಡಿಮೆ, ಬಂದವರು ಆ ಕುಸ್ತಿ ನೋಡಿ ಮತ್ತೆ ಬರುತ್ತಿರಲಿಲ್ಲ. ಆಮೇಲೆ ಒಳ್ಳೆಯ ಮತ್ತಿನ ಔಷಧಗಳು ಬಂದವು, ಹಲ್ಲಿನ ಪಾಚಿ ತೆಗೆಯುವ ಯಂತ್ರ ಬಂತು, ರಕ್ತ ಪರೀಕ್ಷೆಯ ಯಂತ್ರ ಬಂತು. ಬಳ್ಳಾರಿಯಲ್ಲಿ ಇದ್ದಾಗ ಇವೆಲ್ಲ ಕೈಗೆ ರೂಢಿಯಾದವು. ಅಲ್ಲಿಯ ಜನ ನಾಯಿಯ ಕಾಯಿಲೆಯನ್ನು ಫೋನಿನಲ್ಲಿ ಓದಿಕೊಂಡು ಬಂದು ನನಗೇ ಪಾಠ ಹೇಳುತ್ತಿದ್ದರು. ಕೆಲವು ಸಲ ಅವರು ಹೇಳಿದ್ದು ಸರಿಯೂ ಇರುತ್ತಿತ್ತು, ಅದು ಇನ್ನೂ ಕಷ್ಟ. ಸಿರುಗುಪ್ಪಕ್ಕೆ ವರ್ಗವಾದಾಗ ನಿಜ ಹೇಳಬೇಕೆಂದರೆ ನನಗೆ ಹಗುರವೆನಿಸಿತು. ಭತ್ತದ ಸೀಮೆ, ಕಾಲುವೆ ನೀರು, ಎಮ್ಮೆ, ಎತ್ತು, ಕುರಿ. ನಾಯಿಗಳು ಅಪರೂಪಕ್ಕೆ ಬರುತ್ತಿದ್ದವು.

ಇನ್ನೊಂದು ಮಾತು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮದು ವೈಷ್ಣವರ ಮನೆ. ಈರುಳ್ಳಿ, ಬೆಳ್ಳುಳ್ಳಿ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಓದುವಾಗ ಹಾಸ್ಟೆಲಿನಲ್ಲಿ ನಾನು ಪಲ್ಯದೊಳಗಿಂದ ಈರುಳ್ಳಿ ಆರಿಸಿ ತಟ್ಟೆಯ ಅಂಚಿಗಿಡುವುದನ್ನು ನೋಡಿ ಗೆಳೆಯರು ನಗುತ್ತಿದ್ದರು. ವ್ರತ, ನೇಮ ಅಂತ ನನಗೆ ಅಂಥ ನಿಷ್ಠೆಯೇನೂ ಇರಲಿಲ್ಲ. ನಾಲಿಗೆಗೆ ರೂಢಿಯಿಲ್ಲ, ಮೂಗಿಗೆ ಆಗುವುದಿಲ್ಲ, ಅಷ್ಟೇ. ಈರುಳ್ಳಿ ಪ್ರಾಣಿಗಳ ರಕ್ತ ಒಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮಾರುಕಟ್ಟೆಯ ಹಿಂದೆ ಸುರಿದ ಕೊಳೆತ ಈರುಳ್ಳಿ ತಿಂದು ಸತ್ತ ದನಗಳನ್ನು ಕೊಯ್ದು ನೋಡಿದವನು ನಾನು. ಆದರೆ ನನ್ನ ತಲೆಯಲ್ಲಿ ಈರುಳ್ಳಿ ಇದ್ದದ್ದು ಮಾರುಕಟ್ಟೆಯ ಹಿಂದೆ ಮಾತ್ರ.

ಸಿರುಗುಪ್ಪದ ಹತ್ತಿರದ ದೇಶನೂರಿನ ರೈತ ಗಾದಿಲಿಂಗಪ್ಪ ಬೂದಿ ಬಣ್ಣದ ನಾಯಿಯನ್ನು ಮೊದಲ ಸಲ ಕರೆತಂದದ್ದು ಬೇಸಿಗೆ ಶುರುವಿನಲ್ಲಿ. ಜೊತೆಗೆ ಹೆಂಡತಿ ಹುಲಿಗೆಮ್ಮ. ನಾಯಿಯ ಕಣ್ಣಿನ ಕೆಳಗೆ ಒಂದು ಗಾಯ, ಅದರಿಂದ ಕೀವು. ಊರಲ್ಲಿ ಅರಿಶಿನ ಹಚ್ಚಿದ್ದಾರೆ, ಸುಣ್ಣ ಹಚ್ಚಿದ್ದಾರೆ, ಮೆಡಿಕಲ್ ಶಾಪಿನ ಮುಲಾಮು ಹಚ್ಚಿದ್ದಾರೆ. ಒಣಗುತ್ತದೆ, ಮತ್ತೆ ಒಡೆಯುತ್ತದೆ. ಕಲಿಯುವವರು ಇದನ್ನು ನೆನಪಿಡಬೇಕು, ಕಣ್ಣಿನ ಕೆಳಗಿನ ಇಂಥ ಗಾಯ ಕಣ್ಣಿನದಲ್ಲ, ಹಲ್ಲಿನದು. ಮೇಲಿನ ದೊಡ್ಡ ದವಡೆ ಹಲ್ಲು ಸೀಳಿ ಬೇರಿನಲ್ಲಿ ಕೀವು ತುಂಬಿದರೆ ಅದು ಅಲ್ಲಿ ದಾರಿ ಮಾಡಿಕೊಳ್ಳುತ್ತದೆ. ಬಾಯಿ ತೆರೆದು ತೋರಿಸಿದೆ. ಹಲ್ಲು ಎರಡಾಗಿ ಸೀಳಿತ್ತು. ಕೀಳದೆ ಇದು ವಾಸಿಯಾಗದು ಎಂದೆ.

ಗಾದಿಲಿಂಗಪ್ಪ ಹಿಂದೆ ಮುಂದೆ ನೋಡಿದ. ಹುಲಿಗೆಮ್ಮ ಮಾತ್ರ ನನ್ನ ಬಾಯನ್ನೇ ನೋಡುತ್ತಿದ್ದಳು. ಹುಡುಗಿಯಾಗಿದ್ದಾಗ ಬಂದ ವಿಷಮಜ್ವರದಲ್ಲಿ ಅವಳ ಎರಡೂ ಕಿವಿ ಹೋಗಿದ್ದವು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ತನ್ನ ದನಿ ತನಗೇ ಕೇಳದ್ದರಿಂದ ಏನು ಹೇಳಿದರೂ ಜೋರಾಗಿ, ಒಂದೇ ಸಮನೆ ಹೇಳುತ್ತಿದ್ದಳು. ಆ ನಾಯಿ, ಬೂದ್ಯಾ, ಅವಳಿಗೆ ಕಿವಿಯಾಗಿತ್ತು. ಯಾರೂ ಕಲಿಸಿದ್ದಲ್ಲ. ಬಾಗಿಲಿಗೆ ಯಾರಾದರೂ ಬಂದರೆ ಅವಳ ಮೊಣಕಾಲಿಗೆ ತಲೆ ಒತ್ತುತ್ತಿತ್ತು. ಗದ್ದೆಯಲ್ಲಿ ಹಿಂದಿನಿಂದ ಟ್ರಾಕ್ಟರ್ ಬಂದರೆ ಸೀರೆ ಹಿಡಿದು ಎಳೆಯುತ್ತಿತ್ತು. ಒಂದು ಸಲ ಭತ್ತ ಕೊಯ್ಯುವ ಯಂತ್ರ ಹಿಮ್ಮುಖವಾಗಿ ಬರುವಾಗ ಡ್ರೈವರನಿಗೆ ಅವಳು ಕಂಡಿಲ್ಲ, ಕೂಗಿದವರ ಕೂಗು ಅವಳಿಗೆ ಕೇಳಿಲ್ಲ. ನಾಯಿ ಎಳೆದು ಬದುವಿಗೆ ಬೀಳಿಸಿತ್ತು. ಅದನ್ನು ಹೇಳುವಾಗ ಗಾದಿಲಿಂಗಪ್ಪನ ದನಿ ಸಣ್ಣದಾಯಿತು. ಆಮೇಲೆ ಆಕೆಯೇ ತೀರ್ಮಾನ ಮಾಡಿದಳು.

“ಕೀಳ್ರಿ ಸಾರ್. ನೋವು ತಿಂದು ತಿಂದು ಸಾಕಾಗೈತಿ ಅದಕ.”

ಕಿತ್ತೆ. ನನ್ನ ನೌಕರಿಯಲ್ಲಿ ಅಷ್ಟು ಚೊಕ್ಕಟವಾಗಿ ಮಾಡಿದ ಕೆಲಸ ಕಡಿಮೆ. ಹಲ್ಲನ್ನು ತುಂಡು ಮಾಡಿ ಒಂದೊಂದು ಬೇರನ್ನೂ ಬೇರೆಯಾಗಿ ತೆಗೆದೆ, ಕೀವು ತೊಳೆದೆ, ಹೊಲಿಗೆ ಹಾಕಿದೆ. ರಕ್ತ ಹೆಚ್ಚು ಹೋಗಲಿಲ್ಲ. ಸಂಜೆಗೆ ಬೂದ್ಯಾ ತಾನೇ ಎದ್ದು, ಕುಡಿದವರ ಹಾಗೆ ಓಲಾಡುತ್ತ ಅವಳ ಹತ್ತಿರ ಹೋಗಿ ಮೊಣಕಾಲಿಗೆ ತಲೆ ಒತ್ತಿತು. ಮಾತ್ರೆ ಕೊಟ್ಟು, ರೊಟ್ಟಿ, ಎಲುಬು ಬೇಡ, ಬಾಯಿ ಮಾಯುವ ತನಕ ಮೆತ್ತಗೆ ಮಜ್ಜಿಗೆ ಅನ್ನ ಕಲಸಿ ಹಾಕಿ ಎಂದು ಹೇಳಿ ಕಳಿಸಿದೆ.

ಒಂದು ವಾರದೊಳಗೆ ಗಾದಿಲಿಂಗಪ್ಪ ಆಟೋದಲ್ಲಿ ಅದನ್ನು ಮತ್ತೆ ತಂದ. ಅವನ ತೊಡೆಯ ಮೇಲೆ ನಾಯಿ ಒದ್ದೆ ಗೋಣಿಯ ಹಾಗೆ ಬಿದ್ದಿತ್ತು. ನಿಲ್ಲಿಸಿದರೆ ನಿಲ್ಲದು. ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗೆ. ಮೂತ್ರ ಕಾಫಿಯ ಬಣ್ಣ. ಆಪರೇಷನ್ ಆದ ಪ್ರಾಣಿ ಕೆಲವೇ ದಿನದಲ್ಲಿ ಹೀಗೆ ಬಂದರೆ ಯಾವ ವೈದ್ಯನಾದರೂ ಮೊದಲು ತನ್ನ ಕೈಯನ್ನೇ ಅನುಮಾನಿಸುತ್ತಾನೆ. ಹಲ್ಲು ಕಿತ್ತ ಜಾಗ ನೋಡಿದೆ, ಒಣಗಿ ಚೆನ್ನಾಗಿ ಮಾಯುತ್ತಿತ್ತು, ರಕ್ತದ ಸುಳಿವಿಲ್ಲ. ಬಾಯಿಯ ಕೀವು ರಕ್ತಕ್ಕಿಳಿದು ಹೃದಯಕ್ಕೆ ಹೋಯಿತೇ ಎಂದು ಎದೆಗೆ ಕೊಳವೆ ಇಟ್ಟು ಕೇಳಿದೆ, ಜ್ವರ ನೋಡಿದೆ. ಎದೆಬಡಿತ ಜೋರಾಗಿತ್ತು, ಜ್ವರವಿರಲಿಲ್ಲ. ನೋವಿನ ಮಾತ್ರೆಗೆ ಹೊಟ್ಟೆಯಲ್ಲಿ ಹುಣ್ಣಾಯಿತೇ ಎಂದು ಮಲ ನೋಡಿದೆ, ಕಪ್ಪಿರಲಿಲ್ಲ. ಉಳಿದದ್ದು ಉಣುಗು, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯಿಂದ ಬರುವ ರೋಗ, ಅದು ಕೆಲವು ಸಲ ಜ್ವರವಿಲ್ಲದೆಯೂ ಬರುತ್ತದೆ. ನಮ್ಮ ಸೀಮೆಯ ನಾಯಿಗಳಲ್ಲಿ ಅದು ಸಾಮಾನ್ಯ, ಮೂತ್ರ ಕೆಂಪಾಗುವುದೂ ಅದರಲ್ಲೇ. ಅದಕ್ಕೇ ಸೂಜಿ ಚುಚ್ಚಿ, ಬಾಟಲಿ ಏರಿಸಿ, ರಕ್ತ ತೆಗೆದು ಬಳ್ಳಾರಿಗೆ ಕಳಿಸಿದೆ.

ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದೆ. ಕೇಳಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

“ನೀವು ಹೇಳಿದ್ದ ರೀ. ಮಜ್ಜಿಗಿ ಅನ್ನ. ಬ್ಯಾರೆ ಏನೂ ಮುಟ್ಟಿಸಿಲ್ಲ,” ಎಂದ ಗಾದಿಲಿಂಗಪ್ಪ.

ಅವನು ಹತ್ತಿರ ನಿಂತು ಮಾತಾಡುವಾಗ ನಾನು ಮುಖ ಸ್ವಲ್ಪ ತಿರುಗಿಸಿಕೊಂಡಿದ್ದೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲಿಗೆ ಹೋಗುವವರು ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟುಕೊಂಡಿರುತ್ತಾರೆ, ಬಿಸಿಲು ಬಡಿಯಬಾರದು ಎಂದು. ಅವನ ಅಂಗಿಯ ಜೇಬಿನಲ್ಲೂ ಇತ್ತು. ಆ ದಿನ ಮೇಜಿನ ಸುತ್ತ ಆ ವಾಸನೆ ಹೊಡೆಯುತ್ತಿತ್ತು. ನಾಯಿಯ ಬಾಯಿ ಬಿಡಿಸಿದಾಗ ಹೆಚ್ಚಾಗಿಯೇ ಹೊಡೆಯಿತು. ಇವನ ಜೇಬು ಎಂದುಕೊಂಡು ಬೇಗ ಬೇಗ ನೋಡಿ ಮುಗಿಸಿ, ನಾಯಿಯನ್ನು ಮನೆಗೆ ಕಳಿಸಿದೆ.

ಬಳ್ಳಾರಿಯ ಪ್ರಯೋಗಾಲಯದಲ್ಲಿ ನನ್ನ ಕೈಯಲ್ಲೇ ಕಲಿತ ಹೆಣ್ಣುಮಗಳೊಬ್ಬಳು ಇದ್ದಳು. ಮರುದಿನ ಫೋನು ಮಾಡಿದಳು. ಉಣುಗಿನ ರೋಗದ ಜೀವಿ ಕಾಣುತ್ತಿಲ್ಲ, ರಕ್ತ ಬಹಳ ಕಡಿಮೆಯಾಗಿದೆ, ಕೆಂಪು ಕಣಗಳು ಒಡೆಯುತ್ತಿವೆ, ಯಾವುದೋ ವಿಷದ ಹಾಗೆ ಕಾಣುತ್ತದೆ, ಕೂಡಲೇ ಇಲ್ಲಿಗೆ ತನ್ನಿ, ಬೇರೆ ನಾಯಿಯ ರಕ್ತ ಕೊಡೋಣ ಎಂದಳು. ನಾನು ಗಾದಿಲಿಂಗಪ್ಪನಿಗೆ ಫೋನು ಹಚ್ಚಿ ಇಲಿ ಪಾಷಾಣ ಇಟ್ಟಿದ್ದೀರಾ, ಮನುಷ್ಯರ ಮಾತ್ರೆ ಹಾಕಿದ್ದೀರಾ, ಬಟ್ಟೆಯಲ್ಲಿ ಇಡುವ ನುಸಿ ಗುಳಿಗೆ ತಿಂದಿದೆಯಾ, ಗದ್ದೆಗೆ ಹೊಡೆಯುವ ಔಷಧದ ಡಬ್ಬಿ ನೆಕ್ಕಿದೆಯಾ ಎಂದು ಒಂದೊಂದಾಗಿ ಕೇಳಿದೆ. ಎಲ್ಲದಕ್ಕೂ ಇಲ್ಲ ಎಂದ. ಕುರುಗೋಡಿನ ಎಮ್ಮೆ ನೆನಪಾದದ್ದು ಆಗಲೇ. ಕಾರು ತೆಗೆದುಕೊಂಡು ದೇಶನೂರಿಗೆ ಹೋದೆ, ನಾಯಿ ತಿನ್ನುವ ಜಾಗ ನೋಡಿಕೊಂಡು ಹಾಗೇ ಬಳ್ಳಾರಿಗೆ ಕರೆದೊಯ್ಯುವುದು ಎಂದು.

ಊಟದ ಹೊತ್ತು. ಬೂದ್ಯಾ ಅಂಗಳದ ಬೇವಿನ ನೆರಳಲ್ಲಿ ಒದ್ದೆ ಚೀಲದ ಮೇಲೆ ಮಲಗಿತ್ತು. ನನ್ನನ್ನು ಕಂಡು ಬಾಲದ ತುದಿ ಅಲುಗಿಸಿತು. ಗಾದಿಲಿಂಗಪ್ಪ ಕಾರಿನ ಹಿಂದಿನ ಸೀಟಿಗೆ ಹಾಸಿಗೆ ಮಾಡಲು ಹೊರಗೆ ಹೋದ. ಹುಲಿಗೆಮ್ಮ ಊಟದ ಹೊತ್ತಿಗೆ ಬಂದವರು ಹಾಗೇ ಹೋಗಬಾರದೆಂದು ಹಟ ಹಿಡಿದು ತಟ್ಟೆ ತಂದಿಟ್ಟಳು. ಅನ್ನಕ್ಕೆ ಮಜ್ಜಿಗೆ ಸುರಿದಳು. ಆಮೇಲೆ ಮೂಲೆಯ ಬುಟ್ಟಿಯಿಂದ ಒಂದು ಈರುಳ್ಳಿ ತೆಗೆದು ಒರಳುಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಒಂದೇ ಏಟು ಗುದ್ದಿ, ಒಡೆದದ್ದನ್ನು ತಟ್ಟೆಗೆ ಹಾಕಲು ಬಂದಳು. ನಾನು ಕೈ ಅಡ್ಡ ಹಿಡಿದು ಬೇಡವೆಂದೆ. ಆಕೆ ನಕ್ಕಳು.

“ಬೂದ್ಯಾನೂ ತಿಂತಾನ್ರಿ ಸಾರ್, ನೀವು ಒಲ್ಲೆ ಅಂತೀರಿ.”

ನನ್ನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಬೂದ್ಯಾ ತಿನ್ನುತ್ತಾನಾ, ಎಷ್ಟು ಎಂದು ಕೇಳಿದೆ. ಆಕೆ ನನ್ನ ತುಟಿಯನ್ನು ನೋಡುತ್ತ ಸಂತೋಷದಿಂದಲೇ ಹೇಳಿದಳು.

“ದಿನಾ ಹಾಕ್ತೀನ್ರಿ. ಬ್ಯಾಸಿಗಿ ಐತಲ್ರಿ, ಹಲ್ಲು ಕಿತ್ತು ರಕ್ತ ಬ್ಯಾರೆ ಹೋಗೈತಿ. ನುಣ್ಣಗ ಅರದು ಮಜ್ಜಿಗಿ ಅನ್ನಕ್ಕ ಕಲಸ್ತೀನಿ. ಸುಸ್ತಾಗಾಕ ಹತ್ತಿದ ಮ್ಯಾಲೆ ಇನ್ನಾ ಜಾಸ್ತಿ ಮಾಡೀನಿ, ತಂಪಾಗ್ಲಿ ಅಂತ.”

ಮೊದಲು ಅದು ಗಟ್ಟಿ ರೊಟ್ಟಿ ತಿನ್ನುತ್ತಿತ್ತು, ಈರುಳ್ಳಿ ಸಿಕ್ಕರೂ ಅಷ್ಟಿಷ್ಟು. ಮೆತ್ತಗಿನ ಅನ್ನ ಹಾಕಿ ಎಂದವನು ನಾನು. ಬಿಸಿಲಿಗೆ ಈರುಳ್ಳಿ ಮದ್ದು ಎಂದು ನಂಬಿದವಳು ಆಕೆ. ನಾಯಿ ನಿತ್ರಾಣವಾದಷ್ಟೂ ಮದ್ದು ಹೆಚ್ಚಿಸಿದ್ದಳು, ಮದ್ದು ಹೆಚ್ಚಿದಷ್ಟೂ ನಾಯಿ ನಿತ್ರಾಣವಾಗಿತ್ತು. ಅವರ ಮನೆಯಲ್ಲಿ ಮಜ್ಜಿಗೆ ಅನ್ನವೆಂದರೆ ಅದರ ಜೊತೆ ಈರುಳ್ಳಿ ಇದ್ದೇ ಇರುತ್ತದೆ, ಅದನ್ನು ಬೇರೆಯಾಗಿ ಹೇಳಬೇಕೆಂದು ಯಾರಿಗೂ ಅನಿಸುವುದಿಲ್ಲ. ನಮ್ಮ ಮನೆಯಲ್ಲಿ ಅದು ಇರುವುದೇ ಇಲ್ಲ, ಕೇಳಬೇಕೆಂದು ನನಗೂ ಅನಿಸಲಿಲ್ಲ. ಇಷ್ಟು ವರ್ಷ ಹಳ್ಳಿ ಹಳ್ಳಿ ತಿರುಗಿ, ಸಾವಿರ ಮನೆಯ ಅಂಗಳದಲ್ಲಿ ನಿಂತು, ಪಕ್ಕದ ತಟ್ಟೆಯಲ್ಲಿ ಏನಿದೆ ಎಂದು ನಾನು ನೋಡಿಯೇ ಇರಲಿಲ್ಲ. ಮೂಗು ತಿರುಗಿಸಿಕೊಂಡು ಬಂದಿದ್ದೆ.

ಆಕೆಗೆ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ಅವಳ ಕೈಯಲ್ಲಿ ಇನ್ನೂ ಆ ಒಡೆದ ಈರುಳ್ಳಿ ಇತ್ತು. ಆ ಮುಖಕ್ಕೆ, ನಿನ್ನ ಕೈಯಿಂದಲೇ ಹೀಗಾಯಿತು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಬೇರೆ ದಾರಿ ಹುಡುಕಿದೆ. ನಮ್ಮ ಜನಕ್ಕೆ ಔಷಧಿಯ ಜೊತೆ ಪಥ್ಯ ಹೇಳಿದರೆ ಯಾಕೆ ಎಂದು ಕೇಳುವುದಿಲ್ಲ. ಬದನೆಕಾಯಿ ಬೇಡ ಎಂದರೆ ಬೇಡ, ಮೊಸರು ಬೇಡ ಎಂದರೆ ಬೇಡ.

“ಹುಲಿಗೆಮ್ಮ, ಈ ಔಷಧಿಗೆ ಉಳ್ಳಾಗಡ್ಡಿ ಪಥ್ಯ ಐತಿ. ಇವತ್ತಿಂದ ಹಾಕಬ್ಯಾಡ್ರಿ,” ಎಂದೆ.

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕಿವಿ ಕೇಳದವರು ಹಾಗೇ ನೋಡುತ್ತಾರೆ ಎಂದುಕೊಂಡೆ. ಆಮೇಲೆ ಆ ಈರುಳ್ಳಿಯನ್ನು ಬುಟ್ಟಿಗೆ ಹಾಕದೆ ಹಿತ್ತಲಿಗೆ ಎಸೆದು ಬಂದು, ಕೊಡದ ನೀರಿನಲ್ಲಿ ಕೈ ತೊಳೆದಳು. ತೊಳೆದ ಕೈಯನ್ನೇ ಮತ್ತೆ ತೊಳೆದಳು. ನಾನು ಊಟ ಬಿಟ್ಟು ಎದ್ದೆ.

ಬಳ್ಳಾರಿಗೆ ನಾನೇ ಕಾರು ಓಡಿಸಿದೆ. ಹಿಂದೆ ಹುಲಿಗೆಮ್ಮ, ಅವಳ ತೊಡೆಯ ಮೇಲೆ ಬೂದ್ಯಾ. ಗಾದಿಲಿಂಗಪ್ಪ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಬದುಕುತ್ತದಾ ಎಂದು ಕೇಳುತ್ತಿದ್ದ. ರಕ್ತ ಏರಿಸಿದರೆ ಬದುಕಬಹುದು ಎಂದೆ. ಅದು ಸುಳ್ಳಲ್ಲ, ಆ ಸ್ಥಿತಿಯಿಂದ ಎದ್ದ ನಾಯಿಗಳಿವೆ. ಅಲ್ಲಿ ರಕ್ತ ಕೊಡಲು ಒಂದು ದೊಡ್ಡ ನಾಯಿಯನ್ನೂ ಅದರ ಮಾಲೀಕರನ್ನೂ ಆ ಹೆಣ್ಣುಮಗಳು ಕರೆಸಿಟ್ಟಿದ್ದಳು. ತೆಕ್ಕಲಕೋಟೆ ದಾಟಿದ ಮೇಲೆ ಹುಲಿಗೆಮ್ಮ ನನ್ನ ಭುಜ ಮುಟ್ಟಿದಳು. ಅವಳ ಇನ್ನೊಂದು ಕೈ ನಾಯಿಯ ಎದೆಯ ಮೇಲಿತ್ತು. ಉಸಿರಿನ ಸದ್ದು ಕೇಳಿಸದವಳಿಗೆ ಅದು ನಿಂತದ್ದು ನಮಗಿಂತ ಮೊದಲು ತಿಳಿದಿತ್ತು.

“ವಾಪಸ್ ಹೋಗಣ್ರಿ ಸಾರ್,” ಎಂದಳು.

ನಾನು ಕಾರು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಎದೆ ಒತ್ತಿದೆ, ಸೂಜಿ ಚುಚ್ಚಿದೆ, ಮಾಡಬೇಕಾದ್ದನ್ನೆಲ್ಲ ಮಾಡಿದೆ. ಬಿಸಿಲಿನಲ್ಲಿ ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಗಾದಿಲಿಂಗಪ್ಪ ರಸ್ತೆಯ ಬದಿಗೆ ಕುಳಿತು ಅತ್ತ, ದೊಡ್ಡವರು ಹಾಗೆ ಅಳುವುದನ್ನು ನಾನು ನೋಡಿದ್ದು ಅಪರೂಪ. ಹುಲಿಗೆಮ್ಮ ಅಳಲಿಲ್ಲ. ನನಗೆ ಅದೇ ಹೆಚ್ಚು ಕಷ್ಟವಾಯಿತು.

ಅವರ ಗದ್ದೆಯ ಬದುವಿನಲ್ಲಿ ಗುಂಡಿ ತೆಗೆದರು. ಮಣ್ಣು ಮುಚ್ಚಿದ ಮೇಲೆ ಗಾದಿಲಿಂಗಪ್ಪ ನನ್ನ ಕಡೆ ತಿರುಗಿ, “ಚಂದ ಓಡಾಡಾ ನಾಯಿ ಇತ್ರಿ. ಹಲ್ಲು ಕಿತ್ತು ಸಾಯಿಸಿಬಿಟ್ರಿ,” ಎಂದ. ರಕ್ತ ಒಡೆಯುವ ಕಾಯಿಲೆ ಎಂದಷ್ಟೇ ಹೇಳಿದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ನಾನು ಅವಳ ಕಡೆ ನೋಡಲಿಲ್ಲ. ಅವನು ಬಯ್ಯಲಿ, ಅವಳು ನೆಮ್ಮದಿಯಾಗಿರಲಿ ಎಂಬುದು ನನ್ನ ಲೆಕ್ಕ.

ಮನಸ್ಸಿನ ಸಮಾಧಾನಕ್ಕೆ ನಿವೃತ್ತರಾಗಿ ಬಳ್ಳಾರಿಯಲ್ಲೇ ಇದ್ದ ನಮ್ಮ ದೊಡ್ಡ ಡಾಕ್ಟರ ಮನೆಗೆ ಹೋದೆ. ಕುರುಗೋಡಿನಂಥದೇ ಬೈಗುಳ ಬೀಳಬಹುದು ಎಂದುಕೊಂಡೇ ಹೋಗಿದ್ದೆ. ಅವರು ಬಯ್ಯಲಿಲ್ಲ. ಎಲ್ಲ ಕೇಳಿ, ಆಕೆಗೆ ಹೇಳಿ ಏನು ಸಾಧಿಸುತ್ತೀ, ನಾಯಿ ಎದ್ದು ಬರುತ್ತದಾ, ಬೈಗುಳ ನಮಗೆ ಹೊಸದಲ್ಲ, ನುಂಗಿಕೋ ಎಂದರು. ನನಗೂ ಅದೇ ಬೇಕಾಗಿತ್ತು. ಗುರುವಿನ ಒಪ್ಪಿಗೆ ಸಿಕ್ಕಿತೆಂದು ಹಗುರಾಗಿ ಬಂದೆ.

ನುಂಗಿಕೊಂಡೆ. ಆದರೆ ಮಾತು ನಿಲ್ಲಲಿಲ್ಲ. ಸಿರುಗುಪ್ಪದ ಡಾಕ್ಟ್ರು ಹಲ್ಲು ಕಿತ್ತರೆ ನಾಯಿ ಸಾಯುತ್ತದೆ ಎಂಬುದು ದೇಶನೂರಿನಿಂದ ಅಕ್ಕಪಕ್ಕದ ಊರಿಗೂ ಹೋಯಿತು. ಎತ್ತಿನ ಚಿಕಿತ್ಸೆಗೆ ಹೋದ ಒಂದು ಮನೆಯಲ್ಲಿ ಕಣ್ಣಿನ ಕೆಳಗೆ ಅದೇ ಗಾಯ ಇದ್ದ ನಾಯಿ ಕಂಡಿತು. ಹಲ್ಲು ಕೀಳಬೇಕು, ತನ್ನಿ ಎಂದೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೋಡೋಣ ಸಾರ್ ಎಂದರು. ತರಲಿಲ್ಲ. ಆ ನಾಯಿ ಮಾತ್ರ ಕೀವು ಸುರಿಸುತ್ತ ಓಡಾಡುತ್ತಲೇ ಇತ್ತು. ನನ್ನ ದೊಡ್ಡತನಕ್ಕೆ ಅದು ಯಾಕೆ ನೋವು ತಿನ್ನಬೇಕು ಎಂದು ಒಂದೊಂದು ಸಲ ಅನಿಸುತ್ತಿತ್ತು. ಅನಿಸಿದ್ದನ್ನು ಅಲ್ಲಿಗೇ ಬಿಡುತ್ತಿದ್ದೆ.

ಮಳೆ ಶುರುವಾಗಿ, ಕಾಲುವೆಗೆ ನೀರು ಬಿಟ್ಟು, ನಾಟಿ ನಡೆಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಹುಲಿಗೆಮ್ಮ ಆಸ್ಪತ್ರೆಗೆ ಬಂದಳು. ಕಾಲಿನಲ್ಲಿ ಗದ್ದೆಯ ಕೆಸರು ಹಾಗೇ ಇತ್ತು. ಹಿಂದೆ ಗಾದಿಲಿಂಗಪ್ಪ. ಅವಳ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಕಂದು ಬಣ್ಣದ ಮರಿ. ಕುರಿ, ಎಮ್ಮೆ ಹಿಡಿದು ನಿಂತಿದ್ದ ಜನರನ್ನು ದಾಟಿ ನೇರ ನನ್ನ ಮೇಜಿನ ಹತ್ತಿರ ಬಂದು ಮರಿಯನ್ನು ಮೇಜಿನ ಮೇಲಿಟ್ಟಳು. ನಾನು ಮರಿಯ ಕಡೆ ಬಾಗಿ ಚುಚ್ಚುಮದ್ದಿಗೆ ಬಂದಿರಾ ಎಂದೆ.

“ಸಾರ್, ತಲಿ ಬಗ್ಗಿಸಬ್ಯಾಡ್ರಿ. ನನ್ನ ಮುಖಾ ನೋಡಿ ಮಾತಾಡ್ರಿ,” ಎಂದಳು. ಅವಳ ಜೋರು ದನಿಗೆ ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. “ಬೂದ್ಯಾ ಸತ್ತಿದ್ದು ಉಳ್ಳಾಗಡ್ಡಿಯಿಂದ. ಹೌದಲ್ರಿ?”

ನಾನು ಗಾದಿಲಿಂಗಪ್ಪನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಅವನಿಗೆ ಆಕೆ ಮನೆಯಲ್ಲೇ ಹೇಳಿದ್ದಾಳೆ ಎಂದು ಗೊತ್ತಾಯಿತು. ಹೌದು ಎಂದೆ.

“ಅವತ್ತ ಗೊತ್ತಾತು ನನಗ. ಕಿವಿ ಇಲ್ಲ, ಮಂದಿ ಮುಖಾ ನೋಡೇ ಬದುಕೀನಿ. ನೀವು ಬಾಯಿಲೆ ಪಥ್ಯ ಅಂದ್ರಿ, ನಿಮ್ಮ ಮುಖಾ ಬ್ಯಾರೆ ಹೇಳ್ತು.”

ನಿಮಗೆ ನೋವಾಗಬಾರದು ಎಂದು ಹೇಳಲಿಲ್ಲ ಅಂದೆ. ಆಕೆ ತಲೆಯಾಡಿಸಿದಳು. ಸಿಟ್ಟಿರಲಿಲ್ಲ. ಬಹಳ ದಿನ ಒಬ್ಬಳೇ ಹೊತ್ತು ಸಾಕಾಗಿ ಕೆಳಗಿಳಿಸಿದವರ ಮುಖ ಅದು.

“ಅವತ್ತ ಹೇಳಿದ್ರ, ಗಂಡನ ಮುಂದ ಕುಂತು ಅತ್ತು ಹಗುರಾಗ್ತಿದ್ದೆ. ತಿಳೀದ ಆತು ಬಿಡು ಅಂತಿದ್ದ ಅವನೂ. ನೀವು ಹೇಳ್ಲಿಲ್ಲ. ಡಾಕ್ಟ್ರ ಬಾಯಾಗನ ಬರವಲ್ದು ಅಂದ್ರ ಎಷ್ಟು ದೊಡ್ಡ ತಪ್ಪು ಮಾಡೀನಿ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡು ಕುಂತಿದ್ದೆ.”

ನಾನು ಅವಳ ಭಾರವನ್ನು ಹೊತ್ತಿದ್ದೇನೆ ಎಂದುಕೊಂಡಿದ್ದೆ. ಹೊತ್ತದ್ದು ಗಾದಿಲಿಂಗಪ್ಪನ ಬೈಗುಳವನ್ನು ಮಾತ್ರ, ಅದು ಹಗುರ. ಭಾರವೆಲ್ಲ ಅವಳ ಮೇಲೇ ಇತ್ತು, ನನ್ನ ಮೌನ ಅದರ ಮೇಲೆ ಇನ್ನಷ್ಟು ಹೇರಿತ್ತು. ದೊಡ್ಡ ಡಾಕ್ಟರು ಕಲಿಸಿದ್ದರಲ್ಲಿ ನಾನು ಬಿಟ್ಟುಬಿಡಬೇಕಾದದ್ದು ನುಂಗಿಕೋ ಎಂಬ ಅದೊಂದೇ ಮಾತು. ಹೊಸಬರಿಗೆ ನಾನು ಹೇಳುವುದು ಇಷ್ಟೇ, ತಿನ್ನುವ ಜಾಗ ನೋಡಿ, ಆಮೇಲೆ ಕಂಡದ್ದನ್ನು ಮುಖ ನೋಡಿ ಹೇಳಿ. ಮೆತ್ತಗೆ ಹೇಳಿ, ಪಕ್ಕದಲ್ಲಿ ಕುಳಿತು ಹೇಳಿ, ಗೊತ್ತಿಲ್ಲದೆ ಆದದ್ದು ಎಂದು ಸೇರಿಸಿ ಹೇಳಿ. ನಿಮ್ಮದೂ ಅದರಲ್ಲಿ ಪಾಲಿದ್ದರೆ ಅದನ್ನೂ ಹೇಳಿ. ಆದರೆ ಹೇಳಿ.

ನಾನೂ ಅಂದು ಅಷ್ಟನ್ನು ಹೇಳಿದೆ. ಮಜ್ಜಿಗೆ ಅನ್ನಕ್ಕೆ ಏನು ಕಲಸುತ್ತೀರಿ ಎಂದು ನಾನು ಕೇಳಬೇಕಾಗಿತ್ತು, ಕೇಳಲಿಲ್ಲ ಎಂದೆ. ಗಾದಿಲಿಂಗಪ್ಪ ಆಗ ತಲೆ ಎತ್ತಿದ. “ಊರಾಗ ನಿಮ್ಮ ಮ್ಯಾಲೆ ಏನೇನ ಅಂದೀನ್ರಿ ಸಾರ್,” ಎಂದ. ನಾನು ಅವನ ಭುಜ ತಟ್ಟಿದೆ. ಅಷ್ಟರಲ್ಲಿ ಮರಿ ಮೇಜಿನ ಅಂಚಿಗೆ ಬಂದು ಹುಲಿಗೆಮ್ಮನ ಸೆರಗನ್ನು ಕಚ್ಚಿ ಜಗ್ಗುತ್ತಿತ್ತು, ಮರಿಗಳು ಮಾಡುವ ಹಾಗೆ, ಯಾವ ಕಾರಣವೂ ಇಲ್ಲದೆ.

ಆಕೆ ಅದನ್ನು ಎತ್ತಿ ಎದೆಗೆ ಹಿಡಿದುಕೊಂಡಳು. “ಈಗ ಹೇಳ್ರಿ. ಇದಕ ಏನೇನು ಹಾಕಬಾರ್ದು? ಸಾವಕಾಶ ಹೇಳ್ರಿ, ಎಲ್ಲಾ ಹೇಳ್ರಿ,” ಎಂದು ನನ್ನ ಬಾಯಿಯ ಮೇಲೆ ಕಣ್ಣಿಟ್ಟು ನಿಂತಳು.

ನಾನು ಅವಳ ಮುಖ ನೋಡಿ, ಉಳ್ಳಾಗಡ್ಡಿ ಎಂದೆ.

“ಉಳ್ಳಾಗಡ್ಡಿ,” ಎಂದಳು ಆಕೆ ತನ್ನ ಜೋರು ದನಿಯಲ್ಲಿ.

ಬೆಳ್ಳುಳ್ಳಿ ಎಂದೆ. ಅದನ್ನೂ ಅಂದಳು. ದ್ರಾಕ್ಷಿ, ಮನುಷ್ಯರ ನೋವಿನ ಗುಳಿಗೆ, ಬೇಯಿಸಿದ ಎಲುಬು, ಒಂದೊಂದನ್ನೂ ನಾನು ಹೇಳಿದೆ, ಒಂದೊಂದನ್ನೂ ಆಕೆ ತಿರುಗಿ ಹೇಳಿದಳು. ಕುರಿ, ಎಮ್ಮೆ ಹಿಡಿದು ನಿಂತಿದ್ದ ಜನ, ಬಾಗಿಲ ಹೊರಗೆ ಛತ್ರಿ ಹಿಡಿದು ಕಾಯುತ್ತಿದ್ದವರು, ಎಲ್ಲರಿಗೂ ಅದು ಕೇಳಿಸಿತು.